ಮೊತ್ತದಿಂದ ಅನುಪಾತ ಹುಡುಕುವಾಗ ಲೆಕ್ಕ ಎಲ್ಲಿ ಕೈಕೊಡುತ್ತದೆ?

ಒಂದು ಗುಣೋತ್ತರ ಶ್ರೇಢಿಯ ಮೊದಲ ಮೂರು ಪದಗಳ ಮೊತ್ತ 7. ಮೊದಲ ಆರು ಪದಗಳ ಮೊತ್ತ 63. ಸಾಮಾನ್ಯ ಅನುಪಾತ, ಅಂದರೆ ಒಂದು ಪದದಿಂದ ಮುಂದಿನ ಪದಕ್ಕೆ ಹೋಗಲು ಗುಣಿಸುವ ಸಂಖ್ಯೆ, ಎಷ್ಟು?

ಸರಿಯುತ್ತರ 2. ಶ್ರೇಢಿ 1, 2, 4, 8, 16, 32. ಆದರೆ ಇದೇ ಲೆಕ್ಕವನ್ನು ಮಾಡಲು ಕೂತವರ ಹಾಳೆ ನೋಡಿದರೆ ಒಂದರಲ್ಲಿ 9 ಇರುತ್ತದೆ, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 9ರ ಘನಮೂಲ. ಒಮ್ಮೊಮ್ಮೆ ಅರ್ಧ ಅಂತಲೂ ಬರುತ್ತದೆ. ಇವು ಸುಮ್ನೆ ಎಲ್ಲಿಂದಲೋ ಉದುರಿದ ಸಂಖ್ಯೆಗಳಲ್ಲ. ಒಂದೊಂದು ತಪ್ಪು ಉತ್ತರವೂ ತಾನು ಹುಟ್ಟಿದ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಹಾಗಾಗಿ ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ನಿಮ್ಮ ಹಾಳೆಯಲ್ಲಿ ಏನು ಬಂದಿದೆ ಅನ್ನುವುದರಿಂದ ಶುರು ಮಾಡುತ್ತೇನೆ.

ಗುರುತುಗಳು ಇಷ್ಟೇ: ಮೊದಲ ಪದ ಅ, ಸಾಮಾನ್ಯ ಅನುಪಾತ ರ, ಪದಗಳ ಸಂಖ್ಯೆ ನ. ಮೊದಲ ಎರಡು ಪದಗಳ ಮೊತ್ತ ಮ₂, ಮೂರರದ್ದು ಮ₃, ಹೀಗೆ.

## ಉತ್ತರ 9, 8, ಅರ್ಧ ಅಥವಾ 9ರ ಘನಮೂಲ ಬಂದಿದೆ

9 ಬಂದಿದ್ದರೆ, ನೀವು 63ನ್ನು 7ರಿಂದ ಭಾಗಿಸಿ ಅಲ್ಲಿಗೇ ನಿಲ್ಲಿಸಿದ್ದೀರಿ. ಪಕ್ಕಪಕ್ಕದ ಎರಡು ಪದಗಳನ್ನು ಭಾಗಿಸಿದರೆ ಅನುಪಾತ ಸಿಗುತ್ತದೆ, ನಿಜ. ಆದರೆ 7 ಮತ್ತು 63 ಪದಗಳಲ್ಲ, ಪದಗಳ ರಾಶಿಗಳು. ಅದೂ ಅಲ್ಲದೆ 63ರ ಹೊಟ್ಟೆಯೊಳಗೆ ಆ 7 ಕೂಡ ಕೂತಿದೆ.

9ರ ಘನಮೂಲ ಬಂದಿದ್ದರೆ ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಮೂರು ಪದ ದಾಟಿದರೆ ರ³ ಬರಬೇಕು ಅನ್ನುವುದು ನಿಮಗೆ ಗೊತ್ತಿದೆ. ನ ಪದಗಳ ಮೊತ್ತದ ಸೂತ್ರ ಅ(1 − ರⁿ) ÷ (1 − ರ), ಮೇಲಿನ ಘಾತ ನ. ಆದರೆ ಮ₆ ÷ ಮ₃ ಮಾಡಿದಾಗ ಉಳಿಯುವ (1 − ರ⁶) ÷ (1 − ರ³) ಅನ್ನುವುದನ್ನು ಕಂಡ ಕೂಡಲೇ ಘಾತಗಳನ್ನು ಕಳೆದು ರ³ ಅಂತ ಬರೆದುಬಿಟ್ಟಿದ್ದೀರಿ. ಘಾತ ಕಳೆಯುವ ನಿಯಮ ರ⁶ ÷ ರ³ ಇದ್ದಾಗ ಮಾತ್ರ. ಇಲ್ಲಿ ಮೇಲೂ ಕೆಳಗೂ ಒಂದೊಂದು 1 ಕಾವಲು ನಿಂತಿದೆ. 1 − ರ⁶ ಅನ್ನುವುದು (1 − ರ³)(1 + ರ³). ಆದ್ದರಿಂದ ಭಾಗಿಸಿದರೆ ಉಳಿಯುವುದು 1 + ರ³. ಅದು 9 ಆದರೆ ರ³ = 8.

8 ಬಂದಿದ್ದರೆ ಬಹಳ ಏನೂ ಕೆಟ್ಟಿಲ್ಲ. ಘನಮೂಲ ತೆಗೆಯುವುದೊಂದು ಮರೆತಿದ್ದೀರಿ, ಅಷ್ಟೇ.

ಸೂತ್ರ ಇಲ್ಲದೆಯೂ ಇದನ್ನು ನೋಡಬಹುದು. ನನಗೆ ಆ ದಾರಿಯೇ ಇಷ್ಟ. ಆರು ಪದಗಳನ್ನು ಎರಡು ಗೊಂಚಲು ಮಾಡಿ:

(ಅ + ಅ·ರ + ಅ·ರ²) + (ಅ·ರ³ + ಅ·ರ⁴ + ಅ·ರ⁵)

ಎರಡನೇ ಗೊಂಚಲಿನಲ್ಲಿರುವ ಪ್ರತಿ ಪದವೂ ಮೊದಲ ಗೊಂಚಲಿನಲ್ಲಿ ಅದೇ ಜಾಗದಲ್ಲಿರುವ ಪದದ ರ³ ಪಟ್ಟು. ಹಾಗಾದರೆ ಇಡೀ ಗೊಂಚಲೂ ರ³ ಪಟ್ಟು. ಮೊದಲ ಗೊಂಚಲು 7, ಎರಡನೆಯದು 63 − 7 = 56. 56 ÷ 7 = 8. ಮುಗಿಯಿತು. ಮೊತ್ತಗಳನ್ನು ನೇರವಾಗಿ ಭಾಗಿಸಬೇಡಿ. ಮೊದಲು ಕಳೆಯಿರಿ, ಆಮೇಲೆ ಭಾಗಿಸಿ. ಹೀಗೆ ಮಾಡಿದರೆ ಆ ಮರೆತುಹೋಗುವ 1ರ ಗೊಡವೆಯೇ ಇರುವುದಿಲ್ಲ.

ಉತ್ತರ ಅರ್ಧ ಬಂದವರು 7 ÷ 56 ಮಾಡಿದ್ದಾರೆ, ತಲೆಕೆಳಗೆ. ಇದನ್ನು ಹಿಡಿಯಲು ಒಂದು ಸುಲಭದ ಅಳತೆ ಇದೆ. ಪದಗಳೆಲ್ಲ ಧನ ಆಗಿದ್ದು ರ = 1 ಆದರೆ, ಆರು ಪದಗಳ ಮೊತ್ತ ಮೂರು ಪದಗಳ ಮೊತ್ತದ ಸರಿಯಾಗಿ ಎರಡು ಪಟ್ಟು ಇರುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಶ್ರೇಢಿ ಬೆಳೆಯುತ್ತಿದೆ, ರ ಒಂದಕ್ಕಿಂತ ದೊಡ್ಡದು. ಕಡಿಮೆ ಇದ್ದರೆ ಇಳಿಯುತ್ತಿದೆ. ಇಲ್ಲಿ ಒಂಬತ್ತು ಪಟ್ಟು ಇದೆ. ಅರ್ಧ ಹೇಗೆ ಬರಲು ಸಾಧ್ಯ, ಅಲ್ವಾ? ಪೆನ್ನು ಹಿಡಿಯುವ ಮುಂಚೆಯೇ ಈ ಅಂದಾಜು ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ.

## ನನಗೆ ಒಂದೇ ಉತ್ತರ ಬಂತು, ಪುಸ್ತಕದ ಹಿಂದೆ ಎರಡಿವೆ

ಮ₂ = 4, ಮ₄ = 40 ಅಂದುಕೊಳ್ಳಿ. ಗೊಂಚಲು ಕಟ್ಟಿದರೆ 4 ಮತ್ತು 36. ರ² = 9. ಇಲ್ಲಿ ಹೆಚ್ಚಿನವರು ರ = 3 ಅಂತ ಬರೆದು ಎದ್ದುಹೋಗುತ್ತಾರೆ. ಅದು ಸರಿ: 1, 3, 9, 27. ಕೂಡಿಸಿದರೆ 40.

ಆದರೆ ರ = −3 ಕೂಡ ಕುಳಿತಿದೆ. ಅ(1 + ರ) = 4 ಅಂದರೆ ಅ × (−2) = 4, ಅ = −2. ಶ್ರೇಢಿ −2, 6, −18, 54. ಮೊದಲ ಎರಡು ಕೂಡಿಸಿ: 4. ನಾಲ್ಕೂ ಕೂಡಿಸಿ: 40. ಇದನ್ನು ಬಿಟ್ಟುಬಿಡಲು ಯಾವ ಕಾರಣವೂ ಇಲ್ಲ. ಪ್ರಶ್ನೆಯಲ್ಲಿ "ಪದಗಳೆಲ್ಲ ಧನ" ಅಂತ ಇದ್ದರೆ ಮಾತ್ರ ಅದನ್ನು ಹೊರಗೆ ಕಳಿಸಬಹುದು. ಅದಕ್ಕೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಗೊಂಚಲಿನಲ್ಲಿ ಬೆಸ ಸಂಖ್ಯೆಯ ಪದಗಳಿದ್ದರೆ ಈ ಗಲಾಟೆ ಇಲ್ಲ. ರ³ = 8 ಅಂದರೆ ವಾಸ್ತವ ಸಂಖ್ಯೆಗಳಲ್ಲಿ 2 ಒಂದೇ.

ಇನ್ನೊಂದು ಜಾತಿಯ ಎರಡುತ್ತರ ಇದೆ, ಅದು ಸ್ವಲ್ಪ ಕಳ್ಳ. ಮ₂ = 12, ಮ₃ = 28. ಇಲ್ಲಿ ಸಮನಾದ ಗೊಂಚಲುಗಳೇ ಇಲ್ಲ. 28 − 12 = 16 ಅನ್ನುವುದು ಮೂರನೇ ಪದ ಒಂದೇ. ಅದನ್ನು 12ರಿಂದ ಭಾಗಿಸಿದವರಿಗೆ ರ = 4/3 ಬರುತ್ತದೆ. ನಿಮ್ಮ ಹಾಳೆಯಲ್ಲೂ 4/3 ಇದ್ದರೆ, ಒಂದು ಪದವನ್ನು ಎರಡು ಪದಗಳ ಗೊಂಚಲಿನ ಜೊತೆ ತೂಗಿದ್ದೀರಿ. ಸರಿಯಾಗಿ ಬರೆದರೆ ಹೀಗೆ:

ರ² ÷ (1 + ರ) = 16 ÷ 12 = 4/3
3ರ² − 4ರ − 4 = 0
(ರ − 2)(3ರ + 2) = 0

ರ = 2 ಆದರೆ ಶ್ರೇಢಿ 4, 8, 16. ರ = −2/3 ಆದರೆ ಅ = 36, ಶ್ರೇಢಿ 36, −24, 16. ಎರಡರಲ್ಲೂ ಮೊದಲೆರಡರ ಮೊತ್ತ 12, ಮೂರರದ್ದು 28. ಮೂರನೇ ಪದ ಎರಡರಲ್ಲೂ 16 ಆಗಿರುವುದು ನೋಡಿ. ಆಗಲೇಬೇಕು, ಮೊತ್ತಗಳ ವ್ಯತ್ಯಾಸ ಅದೇ ತಾನೇ.

## ವರ್ಗಮೂಲದೊಳಗೆ ಋಣ ಸಂಖ್ಯೆ ಬಂದು ನಿಂತಿದೆ

ಮ₂ = 10, ಮ₃ = 8. ಮೇಲಿನ ದಾರಿಯಲ್ಲೇ ಹೋದರೆ 5ರ² + ರ + 1 = 0. ಶೋಧಕ, ಅಂದರೆ ವರ್ಗಸಮೀಕರಣ ಬಿಡಿಸುವಾಗ ವರ್ಗಮೂಲದೊಳಗೆ ಬರುವ ಸಂಖ್ಯೆ, 1 − 20 = −19. ಲೆಕ್ಕ ಕೆಟ್ಟು ನಿಂತಿತು.

ಇಂಥ ಕಡೆ ಎಲ್ಲರೂ ಮೊದಲು ತಮ್ಮನ್ನೇ ಅನುಮಾನಿಸುತ್ತಾರೆ. ಮತ್ತೆ ಮತ್ತೆ ಬರೆಯುತ್ತಾರೆ. ಇಲ್ಲಿ ತಪ್ಪು ನಿಮ್ಮದಲ್ಲ, ಕೊಟ್ಟ ಮಾಹಿತಿಯದ್ದು. ಹೇಗೆ ಅಂತ ಹತ್ತಿರದಿಂದ ನೋಡೋಣ. ಮೂರನೇ ಪದ 8 − 10 = −2. ಅದು ಅ·ರ². ರ² ಯಾವಾಗಲೂ ಧನ, ಹಾಗಾಗಿ ಅ ಋಣ ಆಗಲೇಬೇಕು. ಮೊದಲ ಪದ ಋಣ ಆಗಿದ್ದೂ ಎರಡರ ಮೊತ್ತ 10 ಬರಬೇಕಾದರೆ, ಎರಡನೇ ಪದ 10ಕ್ಕಿಂತ ದೊಡ್ಡದಿರಬೇಕು, ಗಾತ್ರದಲ್ಲಿ ಮೊದಲನೆಯದಕ್ಕಿಂತಲೂ ದೊಡ್ಡದಿರಬೇಕು. ಅಂದರೆ ಗಾತ್ರ ಬೆಳೆಯುತ್ತಿದೆ. ಹಾಗಾದರೆ ಮೂರನೆಯದು ಇನ್ನೂ ದೊಡ್ಡದಿರಬೇಕು. ಆದರೆ ಅದು ಬರೀ 2. ಇಂಥ ಶ್ರೇಢಿ ವಾಸ್ತವ ಸಂಖ್ಯೆಗಳಲ್ಲಿ ಇಲ್ಲವೇ ಇಲ್ಲ.

ಪ್ರತಿ ಸಲ ಇಷ್ಟು ಯೋಚಿಸಬೇಕಾಗಿಲ್ಲ. ಮ₃ ÷ ಮ₂ ಅನ್ನು ಕ ಅನ್ನಿ. ಸಮೀಕರಣದ ಶೋಧಕ (ಕ − 1)(ಕ + 3) ಆಗುತ್ತದೆ. ಕ −3 ಮತ್ತು 1ರ ನಡುವೆ ಸಿಕ್ಕಿಕೊಂಡರೆ ವಾಸ್ತವ ಅನುಪಾತ ಇಲ್ಲ. ನಮ್ಮ ಲೆಕ್ಕದಲ್ಲಿ ಕ = 0.8. ಸರಿಯಾಗಿ ಆ ಬಲೆಯೊಳಗೇ ಬಿದ್ದಿದೆ. ಕ = 1 ಆದರೆ ರ = 0 ಬರುತ್ತದೆ, ಅದನ್ನು ಗುಣೋತ್ತರ ಶ್ರೇಢಿ ಅನ್ನುವುದಿಲ್ಲ. ಮ₂, ಮ₄ ಕೊಟ್ಟಾಗ ಪರೀಕ್ಷೆ ಇನ್ನೂ ಸುಲಭ: ಎರಡನೇ ಗೊಂಚಲು ಮೊದಲನೆಯದರ ವಿರುದ್ಧ ಚಿಹ್ನೆಯಲ್ಲಿದ್ದರೆ ರ² ಋಣ ಆಗುತ್ತದೆ, ಪ್ರಶ್ನೆ ಕೆಟ್ಟಿದೆ.

ಮೂರು ಮೊತ್ತ ಕೊಟ್ಟಿದ್ದರೆ ಮಾಹಿತಿಯನ್ನು ಅದರಿಂದಲೇ ಪರೀಕ್ಷಿಸಬಹುದು. ಮ₃ = 7, ಮ₆ = 63, ಮ₉ = 500 ಅನ್ನಿ. ಗೊಂಚಲುಗಳು 7, 56, 437. ಗೊಂಚಲುಗಳೂ ಗುಣೋತ್ತರವಾಗಿ ಹೋಗಬೇಕು, ಅಂದರೆ ಮೂರನೆಯದು 448 ಇರಬೇಕಿತ್ತು, ಮ₉ 511. ಯಾರೋ ಸಂಖ್ಯೆ ತಪ್ಪಾಗಿ ಬರೆದಿದ್ದಾರೆ.

## ಸೂತ್ರ ಸೊನ್ನೆ ಭಾಗ ಸೊನ್ನೆ ಅನ್ನುತ್ತಿದೆ

ಮ₃ = 15, ಮ₆ = 30. ರ³ = 1 ಬರುತ್ತದೆ, ರ = 1. ಆಗ ಹಲವರು "ರ ಒಂದು ಆಗುವಂತಿಲ್ಲ, ಸೂತ್ರದ ಛೇದದಲ್ಲಿ 1 − ರ ಇದೆ" ಅಂತ ಉತ್ತರವನ್ನೇ ಹೊಡೆದುಹಾಕುತ್ತಾರೆ. ಛೇದ ಸೊನ್ನೆ ಆದರೆ ಸೂತ್ರ ಬಳಸುವಂತಿಲ್ಲ, ಅಷ್ಟೇ. ಶ್ರೇಢಿ ಮಾತ್ರ ಆರಾಮಾಗಿದೆ: 5, 5, 5, 5, 5, 5.

ಮ₄ ಮ₂ರ ಎರಡು ಪಟ್ಟು ಇದ್ದಾಗ ರ² = 1, ಆಗ −1 ಕೂಡ ಬಾಗಿಲು ತಟ್ಟುತ್ತದೆ. ಆದರೆ ರ = −1 ಆದರೆ ಮ₂ ಸೊನ್ನೆ. ಕೊಟ್ಟ ಮ₂ ಸೊನ್ನೆ ಅಲ್ಲದಿದ್ದರೆ −1 ಬೇಡ. ಮ₂, ಮ₄ ಎರಡೂ ಸೊನ್ನೆ ಅಂತ ಕೊಟ್ಟಿದ್ದರೆ ಅನುಪಾತ −1 ಅಂತ ಗಟ್ಟಿಯಾಗಿ ಹೇಳಬಹುದು, ಮೊದಲ ಪದ ಮಾತ್ರ ಸೊನ್ನೆ ಬಿಟ್ಟು ಏನು ಬೇಕಾದರೂ ಇರಬಹುದು.

## ಅನಂತ ಮೊತ್ತದ ಲೆಕ್ಕದಲ್ಲಿ ಚೆಂದದ ಉತ್ತರ ಬಂದಿದೆ, ಆದರೂ ತಪ್ಪು

ನನ್ನನ್ನು ಒಂದು ಸಲ ಚೆನ್ನಾಗಿಯೇ ಬೀಳಿಸಿದ ಲೆಕ್ಕ ಇದು. ಅನಂತ ಶ್ರೇಢಿಯ, ಅಂದರೆ ಪದಗಳು ಮುಗಿಯದೆ ಹೋಗುವ ಶ್ರೇಢಿಯ, ಮೊತ್ತ 6 (ಇದರ ಸೂತ್ರ ಅ ÷ (1 − ರ)). ಅದೇ ಪದಗಳ ವರ್ಗಗಳ ಮೊತ್ತ 18. ಅನುಪಾತ ಹುಡುಕಿ.

ನಾನು ಬರೆದದ್ದು: ಅ ÷ (1 − ರ) = 6, ಅ² ÷ (1 − ರ) = 18. ಮೊದಲನೆಯದನ್ನು ವರ್ಗ ಮಾಡಿ ಭಾಗಿಸಿದೆ: 36 ÷ 18 = 2, ಅಂದರೆ 1 ÷ (1 − ರ) = 2, ರ = 1/2, ಅ = 3. ಎಷ್ಟು ಚೊಕ್ಕ! ಭಿನ್ನ ರಾಶಿಯ ಗೋಜಲಿಲ್ಲ, ವರ್ಗಮೂಲ ಇಲ್ಲ. ಸರಿಯೇ ಇರಬೇಕು ಅಂತ ಪುಟ ತಿರುಗಿಸಿದೆ. ಉತ್ತರ ಕೊಳಕಾಗಿದ್ದಿದ್ದರೆ ಇನ್ನೊಮ್ಮೆ ನೋಡುತ್ತಿದ್ದೆನೇನೋ.

ಪದಗಳನ್ನು ಬರೆದು ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. 3, 3/2, 3/4... ಇವುಗಳ ವರ್ಗ 9, 9/4, 9/16... ಇದರ ಅನುಪಾತ ಅರ್ಧ ಅಲ್ಲ, ಕಾಲು. ಮೊತ್ತ 9 ÷ (3/4) = 12. ಬೇಕಿದ್ದದ್ದು 18. ಪದಗಳನ್ನು ವರ್ಗ ಮಾಡಿದರೆ ಅನುಪಾತವೂ ವರ್ಗ ಆಗುತ್ತದೆ, ಛೇದದಲ್ಲಿ 1 − ರ² ಬರಬೇಕು. ಆಗ 36 ÷ 18 = (1 + ರ) ÷ (1 − ರ) = 2, ರ = 1/3, ಅ = 4. ವರ್ಗಗಳ ಮೊತ್ತ 16 ÷ (8/9) = 18. ಕೂಡಿತು.

ಮೊದಲ ಪದ ಮತ್ತು ಅನಂತ ಮೊತ್ತ ಕೊಟ್ಟಾಗಿನ ದೋಷ ಬೇರೆ. ಅ = 6, ಮೊತ್ತ 9 ಆದರೆ ರ = 1 − 6/9 = 1/3. ಸರಿ. ಅ = 6, ಮೊತ್ತ 2 ಅಂದರೆ? ರ = 1 − 3 = −2. ಬೀಜಗಣಿತ ಏನೂ ಗೊಣಗದೆ ಉತ್ತರ ಕೊಟ್ಟಿತು. ಆದರೆ 6 − 12 + 24 − 48... ಎಲ್ಲೂ ನೆಲೆ ನಿಲ್ಲುವುದಿಲ್ಲ, ಅದಕ್ಕೆ ಮೊತ್ತವೇ ಇಲ್ಲ. ರ −1 ಮತ್ತು 1ರ ನಡುವೆ ಇರಲೇಬೇಕು. ಇದನ್ನೇ ಬೇರೆ ಥರ ಹೇಳಿದರೆ, ಮೊದಲ ಪದವನ್ನು ಮೊತ್ತದಿಂದ ಭಾಗಿಸಿದಾಗ 0 ಮತ್ತು 2ರ ನಡುವಿನ ಸಂಖ್ಯೆ ಬರಬೇಕು. ಬರಲಿಲ್ಲ ಅಂದರೆ ಮುಂದೆ ಹೋಗಬೇಡಿ.

ಅನಂತ ಮೊತ್ತ 8, ಮ₃ = 7 ಅಂತ ಇದ್ದರೆ ಬಾಲವನ್ನು ನೋಡಿ. ಮೂರು ಪದ ತೆಗೆದ ಮೇಲೆ ಉಳಿದದ್ದು 1. ಆ ಬಾಲ ಇಡೀ ಶ್ರೇಢಿಯ ರ³ ಪಟ್ಟು. ರ³ = 1/8, ರ = 1/2. ಇಲ್ಲಿ 7/8 ಅನ್ನೇ ರ³ ಅಂದುಕೊಳ್ಳುವುದು ಮಾಮೂಲಿ ತಪ್ಪು. ಮ₃ರ ಬದಲು ಮ₂ = 6 ಅಂತ ಇದ್ದರೆ ರ² = 1/4, ಮತ್ತೆ ಎರಡು ಉತ್ತರ: 4, 2, 1... ಮತ್ತು 12, −6, 3...

## ಮೊತ್ತದ ಸೂತ್ರವನ್ನೇ ಕೊಟ್ಟಿದ್ದಾರೆ

ನ ಪದಗಳ ಮೊತ್ತ 2 × 3ⁿ − 2 (ಮೇಲಿನ ಘಾತ ನ). ನ = 1 ಹಾಕಿದರೆ 4, ನ = 2 ಹಾಕಿದರೆ 16. 16 ÷ 4 = 4 ಅಂತ ಬರೆದವರು ಮತ್ತೆ ಆ 9ರ ತಪ್ಪನ್ನೇ ಮಾಡಿದ್ದಾರೆ. ಎರಡನೇ ಪದ 16 − 4 = 12, ರ = 12 ÷ 4 = 3.

ಈಗ ಮೊತ್ತ 5 × 2ⁿ − 3 ಅಂತ ಇದ್ದರೆ? ಘಾತದ ಕೆಳಗೆ 2 ಕಾಣುತ್ತಿದೆ, ರ = 2 ಅಂದುಬಿಡಬಹುದು. ಮೊತ್ತಗಳು 7, 17, 37. ಪದಗಳು 7, 10, 20. ಎರಡನೆಯದರಿಂದ ಮೂರನೆಯದಕ್ಕೆ ಇಮ್ಮಡಿ, ಆದರೆ 7ರಿಂದ 10 ಇಮ್ಮಡಿ ಅಲ್ಲ. ಇದು ಗುಣೋತ್ತರ ಶ್ರೇಢಿಯೇ ಅಲ್ಲ. ತಕ್ಷಣ ಗುರುತಿಸಬೇಕಾದರೆ ನ ಜಾಗದಲ್ಲಿ ಸೊನ್ನೆ ಹಾಕಿ. ಯಾವ ಪದವನ್ನೂ ಕೂಡಿಸದಿದ್ದರೆ ಮೊತ್ತ ಸೊನ್ನೆ ಇರಬೇಕು. ಮೊದಲನೆಯದರಲ್ಲಿ 2 − 2 = 0. ಎರಡನೆಯದರಲ್ಲಿ 5 − 3 = 2. ಆ ಹೆಚ್ಚುವರಿ 2 ಮೊದಲ ಪದದೊಳಗೆ ಸೇರಿಕೊಂಡು ಅದನ್ನು ಕೆಡಿಸಿದೆ. 5 ಇರಬೇಕಾದ ಜಾಗದಲ್ಲಿ 7 ಇದೆ, ನೋಡಿ.

## ಒಂದೇ ಮೊತ್ತ ಕೊಟ್ಟಿದ್ದಾರೆ

ಮೊದಲ ಪದ 5, ಮೊತ್ತ 200. ಅನುಪಾತ? 9ನೇ ಶತಮಾನದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಒಂದು ದಾರಿ ಕೊಟ್ಟಿದ್ದಾರೆ. ಮೊತ್ತವನ್ನು ಮೊದಲ ಪದದಿಂದ ಭಾಗಿಸಿ. ಒಂದು ಕಳೆಯಿರಿ. ಒಂದು ಭಾಜಕದಿಂದ ಭಾಗಿಸಿ, ಮತ್ತೆ ಒಂದು ಕಳೆಯಿರಿ, ಮತ್ತೆ ಅದೇ ಭಾಜಕದಿಂದ ಭಾಗಿಸಿ. ಕೊನೆತನಕ ನಿಶ್ಶೇಷವಾಗಿ ಹೋದರೆ ಆ ಭಾಜಕವೇ ಅನುಪಾತ.

200 ÷ 5 = 40. ಒಂದು ಕಳೆದರೆ 39. 3 ಹಾಕಿ ನೋಡೋಣ: 13. ಒಂದು ಕಳೆದರೆ 12, ಭಾಗಿಸಿದರೆ 4. ಒಂದು ಕಳೆದರೆ 3, ಭಾಗಿಸಿದರೆ 1. ಒಂದು ಕಳೆದರೆ ಸೊನ್ನೆ. ಮೂರು ಸಲ ಭಾಗಿಸಿದೆವು, ಪದಗಳು ನಾಲ್ಕು: 5, 15, 45, 135. ಈರುಳ್ಳಿಯ ಸಿಪ್ಪೆ ಸುಲಿದ ಹಾಗೆ.

ಆದರೆ 39 ಹಾಕಿದರೂ ನಡೆಯುತ್ತದೆ! 39 ÷ 39 = 1, ಒಂದು ಕಳೆದರೆ ಸೊನ್ನೆ. ಪದಗಳು ಎರಡು: 5, 195. ಅಂದರೆ ಎಷ್ಟು ಪದ ಅಂತ ಹೇಳದಿದ್ದರೆ ಪ್ರಶ್ನೆ ಅರ್ಧ ಮಾತ್ರ. ನಿಮ್ಮ ಉತ್ತರ ಗೆಳೆಯರ ಉತ್ತರಕ್ಕೆ ಹೊಂದದಿದ್ದರೆ, ಇಬ್ಬರೂ ಸರಿ ಇರಬಹುದು. ಪದಗಳ ಸಂಖ್ಯೆ ಹೇಳಿದ ಮೇಲೂ ಒಮ್ಮೊಮ್ಮೆ ಎರಡು ಉಳಿಯುತ್ತವೆ: ಅ = 1, ಮ₃ = 13 ಆದರೆ 3 ಕೂಡ ಸರಿ, −4 ಕೂಡ ಸರಿ. ಮೊದಲ ಪದ ಗೊತ್ತಿರುವ ಮೂರು ಪದದ ಲೆಕ್ಕದಲ್ಲಿ ಎರಡು ಉತ್ತರ ಕೂಡಿಸಿದರೆ ಯಾವಾಗಲೂ −1 ಬರಬೇಕು.

ಕೊನೆಯ ಪದವನ್ನೂ ಕೊಟ್ಟಿದ್ದರೆ ಇಷ್ಟು ಕಷ್ಟವೇ ಇಲ್ಲ. ಮೊದಲನೆಯದನ್ನು ಬಿಟ್ಟು ಉಳಿದವುಗಳ ಮೊತ್ತ, ಕೊನೆಯದನ್ನು ಬಿಟ್ಟು ಉಳಿದವುಗಳ ಮೊತ್ತದ ರ ಪಟ್ಟು. ಮೊದಲ ಪದ 3, ಕೊನೆಯದು 96, ಮೊತ್ತ 189: ರ = 186 ÷ 93 = 2. ಅರ್ಧ ಬಂದರೆ ಭಾಗಾಕಾರ ತಿರುಗಿದೆ, ಶ್ರೇಢಿಯನ್ನು 96ರಿಂದ ಹಿಂದಕ್ಕೆ ಓದಿದ್ದೀರಿ.

ಸಮ ಸ್ಥಾನದ ಪದಗಳ ಮೊತ್ತವನ್ನು ಬೆಸ ಸ್ಥಾನದವುಗಳ ಮೊತ್ತದಿಂದ ಭಾಗಿಸುವ ಉಪಾಯವೂ ಇದೆ, ಆದರೆ ಪದಗಳ ಸಂಖ್ಯೆ ಸಮ ಇರಬೇಕು. 1, 2, 4, 8, 16ರಲ್ಲಿ 10 ÷ 21 ಮಾಡಿದರೆ ಏನೂ ಸಿಗುವುದಿಲ್ಲ. ಜೋಡಿ ಸಿಗದ ಮೊದಲ ಪದವನ್ನು ಕಳೆದು 20 ÷ 10 ಮಾಡಬೇಕು.

## ಯಾವ ಸೂತ್ರವೂ ಕೂರುತ್ತಿಲ್ಲ

ಮ₃ = 10, ಮ₅ = 20. ಗೊಂಚಲುಗಳು ಸಮ ಇಲ್ಲ, ಬಿಡಿಸಿದರೆ ರ⁴ + ರ³ − ರ² − ರ − 1 = 0 ಅನ್ನುವ ನಾಲ್ಕನೇ ಘಾತದ ಸಮೀಕರಣ. ಇದಕ್ಕೆ ಅಪವರ್ತನ ಹುಡುಕುತ್ತಾ ಕೂರಬೇಡಿ. ಕ್ಯಾಲ್ಕುಲೇಟರ್ ತೆಗೆಯಿರಿ.

ಪದಗಳು ಧನ ಅಂದುಕೊಂಡರೆ ಮ₅ ÷ ಮ₃ ಅನ್ನುವುದು ರ ಹೆಚ್ಚಿದಂತೆ ಹೆಚ್ಚುತ್ತಲೇ ಹೋಗುತ್ತದೆ, ಹಿಂದೆ ಬರುವುದಿಲ್ಲ. ಹಾಗಾಗಿ ಧನ ಉತ್ತರ ಒಂದೇ. ರ = 1 ಇದ್ದಾಗ ಅದು 5/3. ನಮಗೆ ಬೇಕಾದ್ದು 2, ಅಂದರೆ ರ ಒಂದಕ್ಕಿಂತ ಸ್ವಲ್ಪ ಮೇಲೆ. 1.1 ಹಾಕಿದರೆ 1.844, ಕಡಿಮೆ. 1.2 ಹಾಕಿದರೆ 2.044, ಜಾಸ್ತಿ. 1.18 ಹಾಕಿದರೆ 2.003. 1.1787 ಹಾಕಿದರೆ 1.99995. ಸಾಕು. ಅ ಸುಮಾರು 2.803. ಪದಗಳು 2.803, 3.303, 3.894, 4.590, 5.410. ಕೂಡಿಸಿ ನೋಡಿ, ಮೊದಲ ಮೂರು 10, ಐದೂ ಸೇರಿ 20.

"ಧನ" ಅಂತ ಪ್ರಶ್ನೆಯಲ್ಲಿ ಹೇಳಿಲ್ಲದಿದ್ದರೆ ಸೊನ್ನೆಯ ಆ ಕಡೆಯೂ ಹುಡುಕಬೇಕು. −1.5 ಹಾಕಿದರೆ ಸಮೀಕರಣದ ಎಡಗಡೆ −0.06 ಬರುತ್ತದೆ, −2 ಹಾಕಿದರೆ 5. ಚಿಹ್ನೆ ಬದಲಾಯಿತು, ನಡುವೆ ಒಂದು ಉತ್ತರ ಇದೆ. ಅದು −1.513ರ ಹತ್ತಿರ.